ಫೋಟೋಪಾಲಿಮರ್ ಪ್ಲೇಟ್ ಕೈಕೊಟ್ರೆ ತಪ್ಪು ಎಲ್ಲಿಂದ ಹುಡುಕೋದು: ನಮ್ಮ ಕರಾವಳಿ ಹವೆಗೆ ಹೊಂದೋ ದೋಷ ನಿವಾರಣೆ

ಫೋಟೋಪಾಲಿಮರ್ ಪ್ಲೇಟಿಂದ, ಅಂದ್ರೆ ಬೆಳಕು ಬಿದ್ದಲ್ಲಿ ಗಟ್ಟಿಯಾಗೋ ಮುದ್ರಣದ ಪ್ಲೇಟಿಂದ, ತೆಗೆದ ಪ್ರಿಂಟ್ ಸರಿ ಬರ್ಲಿಲ್ಲ ಅಂದ ಕೂಡ್ಲೆ ಎಲ್ಲರ ಕೈ ಹೋಗೋದು ಎಕ್ಸ್‌ಪೋಶರ್ ಟೈಮಿಂಗ್ ಮೇಲೆ, ಅಂದ್ರೆ ಪ್ಲೇಟಿಗೆ ಎಷ್ಟು ಹೊತ್ತು ಬೆಳಕು ಕೊಡೋದು ಅನ್ನೋದರ ಮೇಲೆ. ಹತ್ತು ಸೆಕೆಂಡ್ ಜಾಸ್ತಿ ಕೊಡೋದು, ಆಗ್ಲಿಲ್ವಾ, ಇಪ್ಪತ್ತು ಕಮ್ಮಿ ಮಾಡೋದು, ಹೀಗೆ ಒಂದರ ಹಿಂದೆ ಒಂದು ಪ್ಲೇಟ್ ಹಾಳು, ಅದೂ ಇದೇನು ಅಗ್ಗದ ಸಾಮಾನಲ್ಲ, ಕಾರವಾರದಲ್ಲೋ ಶಿರಸಿಯಲ್ಲೋ ಅಂಗಡಿಗೆ ಹೋಗಿ ಎರಡು ಕೊಡಿ ಅಂತ ತರೋಕಾಗೋದಿಲ್ಲ, ಹೊರಗಿಂದ ತರಿಸ್ಬೇಕು. ಕೊನೆಗೆ ಬೇಜಾರಾಗಿ ತಾಮ್ರದ ಪ್ಲೇಟನ್ನ ಆಸಿಡ್ಡಲ್ಲಿ ಕೊರೆಯೋ ಹಳೇ ಕ್ರಮವೇ ವಾಸಿ ಅಂತ ನೈಟ್ರಿಕ್ ಬಾಟ್ಲಿ ಹೊರಗೆ ತೆಗೀತಾರೆ. ಅದು ಆಗ್ಬಾರ್ದು ಅಂತಲೇ ಇಷ್ಟುದ್ದ ಬರೀತಿರೋದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಿಟಕಿ ಬಾಗಿಲು ಮುಚ್ಕೊಂಡು ಕೂರೋ ಊರು ನಮ್ದು. ಅಂಥ ಮನೆಯೊಳಗೆ ತಾಮ್ರದ ಮೇಲೆ ನೈಟ್ರಿಕ್ ಹಾಕಿದಾಗ ಏಳೋ ಕಂದು ಹೊಗೆ, ಅಂದ್ರೆ ನೈಟ್ರೋಜನ್ ಡೈಆಕ್ಸೈಡ್, ಎಲ್ಲಿಗೆ ಹೋಗ್ಬೇಕು? ನೇರ ಶ್ವಾಸಕೋಶಕ್ಕೆ. ಅಕ್ವಾಟಿಂಟ್‌ಗೆ, ಅಂದ್ರೆ ಆಸಿಡ್ ಪ್ಲೇಟಲ್ಲಿ ಬೂದು ಕಪ್ಪಿನ ಛಾಯೆ ತರೋಕೆ, ಉದುರಿಸೋ ರಾಳದ ಪುಡಿ ಉಬ್ಬಸ ತರಿಸ್ತದೆ, ಗಾಳಿಯಲ್ಲಿ ದಟ್ಟವಾಗಿ ಹಾರ್ತಿರುವಾಗ ಕಿಡಿ ತಾಗಿದ್ರೆ ಸ್ಫೋಟವೂ ಆಗ್ಬಹುದು. ಮಕ್ಕಳಿರೋ ಮನೆಯಲ್ಲಿ ಇದೆಲ್ಲ ಬೇಡವೇ ಬೇಡ.

ತಪ್ಪು ಹುಡುಕ್ಬೇಕಂದ್ರೆ ಪ್ಲೇಟ್ ಹೇಗೆ ಕೆಲಸ ಮಾಡ್ತದೆ ಅನ್ನೋದು ತಲೇಲಿ ಸ್ಪಷ್ಟ ಇರ್ಬೇಕು. ಕೆಳಗೆ ತೆಳು ಸ್ಟೀಲ್ ಹಾಳೆ, ಮೇಲೆ ನೀರಲ್ಲಿ ಕರಗೋ ಪಾಲಿಮರ್ ಪದರ. ಅಲ್ಟ್ರಾವಯಲೆಟ್ ಬೆಳಕು, ಮುಖ್ಯವಾಗಿ 365 ನ್ಯಾನೋಮೀಟರ್ ಆಸುಪಾಸಿನದ್ದು, ಬಿದ್ದ ಜಾಗ ಗಟ್ಟಿಯಾಗ್ತದೆ, ಬೀಳದ ಜಾಗ ನೀರಲ್ಲಿ ತೊಳೆದು ಹೋಗಿ ಗುಂಡಿ ಆಗ್ತದೆ, ಪ್ಲೇಟಿಗೆಲ್ಲ ಇಂಕ್ ಹಚ್ಚಿ ಮೇಲ್ಮೈ ಒರೆಸಿದಾಗ ಆ ಗುಂಡಿಯಲ್ಲಿ ಮಾತ್ರ ಇಂಕ್ ಕೂರ್ತದೆ. ಇಂಟಾಲಿಯೋ, ಅಂದ್ರೆ ಹೀಗೆ ಗುಂಡಿಯ ಇಂಕಿಂದ ಮುದ್ರಿಸೋ ಕೆಲಸ, ಮಾಡೋರಿಗೆ ಅದಕ್ಕೇ ಪಾಸಿಟಿವ್ ಫಿಲ್ಮ್ ಬೇಕು, ಅಂದ್ರೆ ಚಿತ್ರದ ಕಪ್ಪು ಕಪ್ಪಾಗೇ ಇರೋ ಪಾರದರ್ಶಕ ಹಾಳೆ. ಪೇಟೆಯ ರಬ್ಬರ್ ಸ್ಟಾಂಪ್ ಅಂಗಡಿಯವರೂ ಪಾಲಿಮರನ್ನೇ ಬಳಸ್ತಾರೆ, ಆದ್ರೆ ಅವರಿಗೆ ಅಕ್ಷರ ಉಬ್ಬಿ ನಿಲ್ಬೇಕು, ಹಾಗಾಗಿ ನೆಗೆಟಿವ್ ಫಿಲ್ಮ್. ಅವರ ಹತ್ರ ಫಿಲ್ಮ್ ಮಾಡಿಸ್ಕೊಂಡು ಬಂದು ಪ್ರಿಂಟ್ ಪೂರ್ತಿ ಉಲ್ಟಾ ಬಂದ್ರೆ, ಕಪ್ಪು ಬಿಳಿ ಅದಲು ಬದಲಾದ್ರೆ, ಬೇರೆ ಏನೂ ಹುಡುಕ್ಬೇಡಿ, ಕಾರಣ ಅಷ್ಟೇ. ಲೆಟರ್‌ಪ್ರೆಸ್ಸಿಗಂತ, ಅಂದ್ರೆ ಉಬ್ಬಿದ ಅಕ್ಷರದಿಂದ ಮುದ್ರಿಸೋಕಂತ, ಇದ್ದ ಈ ನಮೂನೆ ಪ್ಲೇಟನ್ನ ಬಿಸಿಲಲ್ಲಿಟ್ಟು ಬರೀ ನೀರಲ್ಲಿ ತೊಳೆದು ಕಲಾವಿದರು ಬಳಸ್ಬಹುದು ಅಂತ 1970ರ ದಶಕದಲ್ಲಿ ತೋರ್ಸಿದವರಲ್ಲಿ ಅಮೆರಿಕದ ಡ್ಯಾನ್ ವೆಲ್ಡನ್ ಮುಖ್ಯರು, ಸೋಲಾರ್‌ಪ್ಲೇಟ್ ಅನ್ನೋ ಹೆಸರು ಅವರಿಂದಲೇ ಬಂದಿದ್ದು.

ಹುಡುಕೋ ಕ್ರಮ ಹೀಗಿರ್ಲಿ. ಮೊದಲು ಇಂಕ್ ಮತ್ತು ಒರೆಸೋದು, ಯಾಕಂದ್ರೆ ಅದನ್ನ ಮತ್ತೆ ಮಾಡಿ ನೋಡೋಕೆ ಒಂದು ಹಾಳೆ ಪೇಪರ್ ಬಿಟ್ರೆ ಖರ್ಚಿಲ್ಲ. ಆಮೇಲೆ ಪ್ಲೇಟನ್ನ ಓರೆ ಬೆಳಕಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡೋದು. ಆಮೇಲೆ ಫಿಲ್ಮ್. ಆಮೇಲೆ ತೇವ. ಟೈಮಿಂಗ್ ಎಲ್ಲಕ್ಕಿಂತ ಕೊನೆಗೆ. ಮತ್ತೆ ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಒಟ್ಟಿಗೆ ಮಾಡಿದ್ರೆ ಸರಿಯಾದ್ರೂ ಯಾವುದ್ರಿಂದ ಸರಿಯಾಯ್ತು ಅಂತ ತಿಳಿಯೋದಿಲ್ಲ.

ಕಪ್ಪು ಇರ್ಬೇಕಾದ ಜಾಗ ಬೂದು ಬರ್ತದೆ, ಅಂಚು ಮಾತ್ರ ಕಪ್ಪು

ಎಲ್ಲಕ್ಕಿಂತ ಜಾಸ್ತಿ ಕೇಳಿಬರೋ ದೂರು ಇದು. ಅಂಕೋಲಾ, ಕುಮಟಾ ಕಡೆ ಹಳೇ ದೇವಸ್ಥಾನದ ಗೋಡೆಗಳ ಕಾವಿ ಚಿತ್ರ ನೋಡಿದ್ದೀರಲ್ಲ, ಸುಣ್ಣದ ಬಿಳಿ ಮೇಲೆ ಕೆಮ್ಮಣ್ಣಿನ ಬಣ್ಣ, ದಪ್ಪ ದಪ್ಪ ತುಂಬಿದ ಆಕಾರ. ಅಂಥದ್ದನ್ನ ಪ್ಲೇಟಿಗೆ ಹಾಕಿದ್ರೆ ಸಣ್ಣ ಗೆರೆ ಎಲ್ಲ ಚಂದ ಬರ್ತದೆ, ದೊಡ್ಡ ತುಂಬಿದ ಭಾಗ ಮಾತ್ರ ನಡುವೆ ಖಾಲಿ. ಯಕ್ಷಗಾನದ ವೇಷದ ಫೋಟೋದಲ್ಲೂ ಅಷ್ಟೇ, ಕಪ್ಪು ಗಡ್ಡ, ಮುಂಡಾಸಿನ ನೆರಳು ಎಲ್ಲ ಬೋಳು. ಇದಕ್ಕೆ ಓಪನ್ ಬೈಟ್ ಅಂತಾರೆ. ಅಗಲದ ಗುಂಡಿಯಲ್ಲಿ ಇಂಕ್ ಹಿಡ್ಕೊಳ್ಳೋಕೆ ಗೋಡೆಗಳಿಲ್ಲ, ಬಟ್ಟೆ ಎಳೆದ ಕೂಡ್ಲೆ ನಡುವಿನ ಇಂಕ್ ಎಲ್ಲ ಎದ್ದು ಬರ್ತದೆ, ಅಂಚಲ್ಲಿ ಮಾತ್ರ ಸ್ವಲ್ಪ ಉಳೀತದೆ.

ಭೂತಗನ್ನಡಿಯಲ್ಲಿ ಆ ಜಾಗ ನುಣ್ಣಗೆ, ಹೊಳೀತಾ ಕಂಡ್ರೆ ಓಪನ್ ಬೈಟೇ. ಒರಟಾಗಿ, ಸಣ್ಣ ಸಣ್ಣ ಚುಕ್ಕಿ ನಿಂತಿರೋ ಹಾಗೆ ಕಂಡ್ರೆ ಪ್ಲೇಟ್ ಸರಿ ಇದೆ, ನೀವು ಒರೆಸಿದ್ದೇ ಜಾಸ್ತಿ. ಆಸಿಡ್ಡಿನ ತಾಮ್ರದ ಪ್ಲೇಟ್ ಒರೆಸಿ ಅಭ್ಯಾಸ ಇರೋರಿಗೆ ಈ ತೊಂದ್ರೆ ಬರೋದು ಸಹಜ, ಪಾಲಿಮರ್ ಗುಂಡಿ ಅಷ್ಟು ಆಳ ಇರೋದಿಲ್ಲ, ಕೈ ಹಗುರ ಇರ್ಬೇಕು, ಬಟ್ಟೆಯನ್ನ ಚಪ್ಪಟೆಯಾಗಿ ಹಿಡೀಬೇಕು, ಒಳಗೆ ತೂರಿಸಿ ಎಳೀಬಾರ್ದು.

ಓಪನ್ ಬೈಟ್ ಅಂತ ಖಾತ್ರಿ ಆದ್ರೆ ಅಕ್ವಾಟಿಂಟ್ ಸ್ಕ್ರೀನ್ ಕಡೆ ನೋಡಿ. ಚಿತ್ರದ ಫಿಲ್ಮ್ ಇಡೋಕೆ ಮೊದ್ಲು ಅಥವಾ ಆದ ಮೇಲೆ, ಸಣ್ಣ ಚುಕ್ಕಿಗಳು ಅಡ್ಡಾದಿಡ್ಡಿ ಹರಡಿರೋ ಸ್ಕ್ರೀನ್ ಫಿಲ್ಮಿಟ್ಟು ಇನ್ನೊಂದು ಎಕ್ಸ್‌ಪೋಶರ್ ಕೊಡ್ಬೇಕು, ಆ ಚುಕ್ಕಿಗಳ ನಡುವಿನ ಜಾಗ ಗಟ್ಟಿಯಾಗಿ ಇಂಕ್ ಹಿಡಿಯೋ ಗೋಡೆ ಆಗ್ತದೆ. ಸ್ಕ್ರೀನ್ ಬಳಸಿದ್ರೂ ಓಪನ್ ಬೈಟ್ ಬಂದಿದ್ರೆ ಸ್ಕ್ರೀನ್ ಎಕ್ಸ್‌ಪೋಶರ್ ಕಮ್ಮಿ ಆಗಿದೆ, ಇಲ್ಲಾಂದ್ರೆ ತೊಳೆದದ್ದು ಜಾಸ್ತಿಯಾಗಿ ಗೋಡೆಗಳೇ ಕೊಚ್ಚಿ ಹೋಗಿವೆ. ಇಲ್ಲೊಂದು ಗಮನಿಸ್ಬೇಕು: ಸ್ಕ್ರೀನ್ ಟೈಮ್ ಕಮ್ಮಿ ಆದ್ರೂ ಕಪ್ಪು ಬೂದಾಗ್ತದೆ, ಜಾಸ್ತಿ ಆದ್ರೂ ಬೂದಾಗ್ತದೆ. ಕಮ್ಮಿ ಆದಾಗ ಗೋಡೆ ಇಲ್ಲ, ಜಾಸ್ತಿ ಆದಾಗ ಗುಂಡಿ ಇಲ್ಲ. ಪ್ರಿಂಟ್ ನೋಡಿ ಊಹೆ ಮಾಡಿದ್ರೆ ಅರ್ಧ ಸಲ ಉಲ್ಟಾ ದಿಕ್ಕಿಗೇ ಹೋಗ್ತೀರಿ, ಅದಕ್ಕೇ ಪ್ಲೇಟನ್ನೇ ನೋಡಿ ಅಂತ ಇಷ್ಟು ಸಲ ಹೇಳೋದು.

ಇಡೀ ಪ್ರಿಂಟ್ ಪೇಲವ, ಎಲ್ಲೂ ಕಪ್ಪೇ ಇಲ್ಲ

ಇಲ್ಲಿ ಫಿಲ್ಮ್ ಮೇಲೆ ಅನುಮಾನ ಇರ್ಲಿ. ಕಣ್ಣಿಗೆ ಗಾಢ ಕಪ್ಪು ಕಾಣೋ ಇಂಕ್‌ಜೆಟ್ ಪ್ರಿಂಟ್ ಅಲ್ಟ್ರಾವಯಲೆಟ್ ಬೆಳಕನ್ನ ಸೋರೋಕೆ ಬಿಡ್ಬಹುದು, ಲೇಸರ್ ಪ್ರಿಂಟ್‌ನಲ್ಲಿ ಟೋನರ್ ನಡುವೆ ಸೂಜಿ ತೂತು ಇರ್ತದೆ. ಪರೀಕ್ಷೆ ಸುಲಭ: ಪ್ಲೇಟ್ ಕತ್ತರಿಸಿದಾಗ ಉಳಿದ ಚೂರೊಂದನ್ನ ತಗೊಳಿ, ಅರ್ಧಕ್ಕೆ ಒಂದು ನಾಣ್ಯ ಇಡಿ, ಇನ್ನರ್ಧಕ್ಕೆ ನಿಮ್ಮ ಫಿಲ್ಮಿನ ಪೂರ್ತಿ ಕಪ್ಪು ಭಾಗದ ತುಂಡು ಇಡಿ, ಸ್ಕ್ರೀನ್ ಬೇಡ, ಮಾಮೂಲಿ ಟೈಮ್ ಕೊಟ್ಟು ತೊಳೀರಿ. ನಾಣ್ಯದ ಕೆಳಗೆ ಪಾಲಿಮರ್ ಪೂರ್ತಿ ಹೋಗಿ ಫಿಲ್ಮ್ ಕೆಳಗೆ ಉಳಿದ್ರೆ ಫಿಲ್ಮ್ ಸೋರ್ತಿದೆ. ಎರಡೂ ಕಡೆ ಉಳಿದಿದ್ರೆ ಪ್ಲೇಟಿಗೆ ಮೊದಲೇ ಎಲ್ಲಿಂದಲೋ ಬೆಳಕು ಬಿದ್ದಿದೆ, ಕಿಟಕಿ ಸಂದಿಯಿಂದಲೋ, ಪ್ಯಾಕೆಟ್ ಸರಿ ಮುಚ್ಚದೆಯೋ. ಕೋಣೆಯಲ್ಲಿ ಹಳದಿ ಬಲ್ಬ್ ಹಾಕ್ಕೊಂಡು ಪರದೆ ಎಳೆದು ಕೆಲಸ ಮಾಡಿ, ಪೂರ್ತಿ ಕತ್ತಲೆ ಬೇಕಿಲ್ಲ. ಎರಡೂ ಕಡೆ ಚೊಕ್ಕ ಹೋಗಿದ್ರೆ ಫಿಲ್ಮೂ ಸರಿ, ಪ್ಲೇಟೂ ಸರಿ, ಆಗ ಟೈಮಿಂಗ್ ನೋಡ್ಬಹುದು.

ಬಿಳಿ ಇರ್ಬೇಕಾದಲ್ಲಿ ಕೊಳೆ

ಮತ್ತೊಂದು ಸಲ ಒರೆಸಿ, ಕೊನೆಗೆ ನ್ಯೂಸ್‌ಪ್ರಿಂಟ್ ತುಂಡಿನಿಂದ ಹಗುರ ಒರೆಸಿ. ಹೋದ್ರೆ ಸರಿ. ಹೋಗ್ಲಿಲ್ಲ, ಬಿಳಿ ಭಾಗ ಮುಟ್ಟಿದ್ರೆ ಒರಟು, ತೊಳೆಯೋ ಬ್ರಷ್ಷಿನ ಗೀರು ಕಾಣ್ತದೆ ಅಂದ್ರೆ ಆ ಭಾಗಕ್ಕೆ ಸಾಕಷ್ಟು ಬೆಳಕು ಸಿಕ್ಕಿಲ್ಲ. ಆದ್ರೆ ಟೈಮ್ ಹೆಚ್ಚಿಸೋಕೆ ಮೊದ್ಲು ಫಿಲ್ಮನ್ನ ಪ್ಲೇಟಿಗೆ ಒತ್ತಿ ಹಿಡಿಯೋಕೆ ಮೇಲಿಟ್ಟ ಗಾಜು ಯಾವುದು ನೋಡಿ. ಮಾಮೂಲಿ ಕಿಟಕಿ ಗಾಜು ನಡೀತದೆ, ಆದ್ರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರೋ ಲ್ಯಾಮಿನೇಟೆಡ್ ಗಾಜು, ಕಾರಿನ ಮುಂದಿನ ಗಾಜಿನ ಥರದ್ದು, ಅಲ್ಟ್ರಾವಯಲೆಟ್ಟನ್ನ ತಡೀತದೆ, ಕೆಲವು ಅಕ್ರಿಲಿಕ್ ಹಾಳೆಗಳೂ ಹಾಗೇ. ಬಿಸಿಲಿನ ಬದಲು ಅಲ್ಟ್ರಾವಯಲೆಟ್ ಟ್ಯೂಬ್ ಬಳಸೋರು ಟ್ಯೂಬ್ ಹಳೇದಾಗಿದ್ಯಾ ನೋಡಿ, ಕಣ್ಣಿಗೆ ನೀಲಿ ಕಂಡ್ರೂ ಒಳಗಿನ ಶಕ್ತಿ ಇಳಿದಿರ್ತದೆ, ಮತ್ತೆ ಹಚ್ಚಿದ ಕೂಡ್ಲೆ ಪ್ಲೇಟ್ ಇಡ್ಬೇಡಿ, ಕೆಲವು ನಿಮಿಷ ಉರಿದು ಸ್ಥಿರ ಆಗ್ಲಿ. ಸಂಜೆ ವೋಲ್ಟೇಜ್ ಬಿದ್ದಾಗ ಬೆಳಗಿನ ಟೈಮಿಂಗ್ ನಡೆಯೋದಿಲ್ಲ. ಈಗ ಅಗ್ಗಕ್ಕೆ ಸಿಗೋ ನೇರಳೆ ಎಲ್‌ಇಡಿ ಫ್ಲಡ್‌ಲೈಟ್‌ಗಳಲ್ಲಿ ಬಹಳಷ್ಟು 395ರಿಂದ 405 ನ್ಯಾನೋಮೀಟರಿನವು, ಪ್ಲೇಟಿಗೆ ಬೇಕಾದ್ದು ಅದಲ್ಲ, ತಗೊಳ್ಳೋ ಮೊದ್ಲು ಡಬ್ಬಿ ಮೇಲಿನ ಅಂಕಿ ಓದಿ.

ಶಿರಸಿ, ಯಲ್ಲಾಪುರದಲ್ಲಿ ಹಳೇ ಆಫ್‌ಸೆಟ್ ಪ್ರೆಸ್ ಯಾವುದಾದ್ರೂ ಗೊತ್ತಿದ್ರೆ ಒಮ್ಮೆ ವಿಚಾರಿಸಿ. ಆಫ್‌ಸೆಟ್ ಪ್ಲೇಟ್ ಮಾಡೋಕೆ ಬಳಸ್ತಿದ್ದ ಎಕ್ಸ್‌ಪೋಸಿಂಗ್ ಮಷಿನ್ ಮೂಲೆಯಲ್ಲಿ ಇದ್ರೂ ಇರ್ಬಹುದು, ಅದರ ವ್ಯಾಕ್ಯೂಮ್ ಫ್ರೇಮ್, ಅಂದ್ರೆ ಗಾಳಿ ಎಳೆದು ಫಿಲ್ಮನ್ನ ಪ್ಲೇಟಿಗೆ ಒತ್ತಿ ಹಿಡಿಯೋ ಚೌಕಟ್ಟು, ಒಂದು ಸಿಕ್ಕಿದ್ರೂ ನಿಮ್ಮ ಅರ್ಧ ತಲೆನೋವು ಕಮ್ಮಿ.

ಅಲ್ಲಲ್ಲಿ ಮಸುಕು, ಉಂಗುರ, ಸುತ್ತ ಪ್ರಭಾವಳಿ

ಫಿಲ್ಮ್ ಪ್ಲೇಟಿಗೆ ಅಂಟಿ ಕೂತಿಲ್ಲ. ಸಮುದ್ರದ ಹತ್ರದ ಮನೆಯಲ್ಲಿ ಮರಳು ಎಲ್ಲಿ ಹೋಗಲ್ಲ ಹೇಳಿ, ಒಂದೇ ಒಂದು ಕಣ ಫಿಲ್ಮ್ ಕೆಳಗೆ ಸಿಕ್ಕಿದ್ರೆ ಅಲ್ಲಿ ಫಿಲ್ಮ್ ಡೇರೆ ಥರ ಎದ್ದು ಸುತ್ತ ಬೆಳಕು ನುಗ್ತದೆ. ಫಿಲ್ಮಿನ ಇಂಕ್ ಇರೋ ಮೈ ಪ್ಲೇಟಿಗೆ ತಾಗ್ಬೇಕು, ಆ ಮೈ ಮೇಲ್ಮುಖ ಮಾಡಿ ಇಟ್ರೆ ಫಿಲ್ಮಿನ ದಪ್ಪದಷ್ಟು ಜಾಗದಲ್ಲಿ ಬೆಳಕು ಒಳಗೆ ತೂರಿ ಸಣ್ಣ ಚುಕ್ಕಿಗಳನ್ನ ತಿಂತದೆ. ಚಿತ್ರ ಉಲ್ಟಾ ಬರ್ತದೇನೋ ಅಂತ ಹೆದರ್ಬೇಡಿ, ಫಿಲ್ಮ್ ಸೀದಾ ಪ್ರಿಂಟ್ ಮಾಡಿ ಮಗುಚಿ ಇಟ್ರೆ ಪ್ಲೇಟಲ್ಲಿ ಉಲ್ಟಾ, ಪೇಪರಲ್ಲಿ ಮತ್ತೆ ಸೀದಾ. ಕಾಮನಬಿಲ್ಲಿನ ಥರ ಉಂಗುರ ಕಂಡ್ರೆ ಎರಡು ನುಣುಪು ಮೈ ಅಲ್ಲಲ್ಲಿ ಮಾತ್ರ ಅಂಟಿ ನಡುವೆ ತೆಳು ಗಾಳಿ ಸಿಕ್ಕಿದೆ ಅಂತ ಅರ್ಥ, ಪ್ಲೇಟ್ ಮೇಲೆ ಟಾಲ್ಕಮ್ ಪೌಡರನ್ನ ಬಹಳ ತೆಳುವಾಗಿ ಸವರಿ, ಹೆಚ್ಚಾದದ್ದು ಮೆತ್ತನೆ ಬ್ರಷ್‌ನಿಂದ ತೆಗೀರಿ.

ತೇವ

ಮೇಲಿನದ್ದೆಲ್ಲ ಯಾವ ಊರಲ್ಲಾದ್ರೂ ಆಗೋದೇ. ನಮ್ಮ ಕಡೆಯ ನಿಜವಾದ ಕಾಟ ಇದು, ಮತ್ತೆ ಹೊರಗಿನವರ ಕೈಪಿಡಿಯಲ್ಲಿ ಇದಕ್ಕೆ ಎರಡು ಸಾಲು ಇದ್ರೆ ಹೆಚ್ಚು. ಈ ಪಾಲಿಮರ್ ನೀರಲ್ಲಿ ಕರಗೋ ಜಾತಿ, ಹಾಗಾಗಿ ಗಾಳಿಯ ತೇವಾನೂ ಕುಡೀತದೆ. ಪ್ಲೇಟಿಗೆ ಹಿತವಾದದ್ದು ಶೇಕಡಾ 50ರ ಆಸುಪಾಸಿನ ತೇವಾಂಶ, ಮಳೆಗಾಲದಲ್ಲಿ ಕಾರವಾರದ ಗಾಳಿ ಶೇಕಡಾ 80 ದಾಟೋದು ಮಾಮೂಲಿ. ಪ್ಯಾಕೆಟ್ ಬಿಚ್ಚಿ ಒಂದು ಮಧ್ಯಾಹ್ನ ಹಾಗೇ ಇಟ್ರೂ ಮೈ ಅಂಟಂಟು, ಅದರ ಮೇಲೆ ಇಂಕ್‌ಜೆಟ್ ಫಿಲ್ಮ್ ಇಟ್ರೆ ಫಿಲ್ಮಿನ ಇಂಕೇ ಪ್ಲೇಟಿಗೆ ಹತ್ಕೊಂಡು ಬರ್ತದೆ. ತೇವ ಕುಡಿದ ಪ್ಲೇಟ್ ತೊಳೆಯುವಾಗ ಬೇಗ ಊದ್ಕೊಳ್ತದೆ, ಸಣ್ಣ ಗೆರೆ ಮಡಚಿ ಬೀಳ್ತವೆ, ಆಗ ಎಲ್ಲರೂ ಹೇಳೋದು ಎಕ್ಸ್‌ಪೋಶರ್ ಕಮ್ಮಿ ಆಯ್ತು ಅಂತ, ಟೈಮ್ ಏರಿಸ್ತಾರೆ, ಗೆರೆ ನಿಲ್ತದೆ ಆದ್ರೆ ಕಪ್ಪು ಹೋಯ್ತು. ರೋಗ ಒಂದು ಮದ್ದು ಇನ್ನೊಂದು.

ಪರೀಕ್ಷೆ ಹೀಗೆ: ಎಕ್ಸ್‌ಪೋಶರ್‌ಗೆ ಮೊದ್ಲು ಪ್ಲೇಟಿನ ಮೂಲೆಗೆ ಒಣ ಬೆರಳು ಒತ್ತಿ ತೆಗೀರಿ. ಅಂಟಿ ಬಿಡಿಸ್ಕೊಂಡ ಹಾಗೆ ಅನ್ನಿಸಿದ್ರೆ, ಬೆರಳಚ್ಚು ಸ್ಪಷ್ಟ ಉಳಿದ್ರೆ ತೇವ ಹಿಡಿದಿದೆ. ಹಳದಿ ಬಲ್ಬ್ ಕೆಳಗೆ ಫ್ಯಾನ್ ಹಾಕಿ, ಹೇರ್ ಡ್ರೈಯರ್ ಇದ್ರೆ ಅತಿ ಕಮ್ಮಿ ಬಿಸಿಯಲ್ಲಿ ದೂರದಿಂದ ಹಿಡೀರಿ, ಮತ್ತೆ ಬೆರಳಿಟ್ಟು ನೋಡಿ. ಇಡೋದು ಸ್ಟೀಲ್ ಟ್ರಂಕಲ್ಲೋ ಬಿಗಿ ಮುಚ್ಚಳದ ಡಬ್ಬದಲ್ಲೋ ಇರ್ಲಿ, ಕಪ್ಪು ಪ್ಲಾಸ್ಟಿಕ್ ಸುತ್ತಿ, ಜೊತೆಗೆ ಸಿಲಿಕಾ ಜೆಲ್. ನೀಲಿ ಬಣ್ಣದ ಸಿಲಿಕಾ ಜೆಲ್ ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರ್ತದೆ, ವಿಷ, ಕಿತ್ತಳೆ ಬಣ್ಣದ್ದು ತಗೊಳಿ. ಎಸಿ ಕೋಣೆಯಲ್ಲಿಟ್ಟವರು ಪ್ಲೇಟನ್ನ ಸೀದಾ ಜಗಲಿಗೆ ತರ್ಬೇಡಿ, ತಣ್ಣನೆ ಮೈ ಮೇಲೆ ಹೊರಗಿನ ತೇವ ಹನಿಯಾಗಿ ಕೂತು ಗುಂಡು ಗುಂಡು ಕಲೆ ಬರ್ತದೆ, ಅರ್ಧ ಗಂಟೆ ಸುತ್ತಿದ ಹಾಗೇ ಹೊರಗಿಟ್ಟು ಆಮೇಲೆ ಬಿಚ್ಚಿ.

ತೊಳೆಯೋ ನೀರು 20ರಿಂದ 25 ಡಿಗ್ರಿ ಇದ್ರೆ ಒಳ್ಳೇದು. ಬೇಸಿಗೆಯಲ್ಲಿ ಟೆರೇಸ್ ಟ್ಯಾಂಕಿನ ನಲ್ಲಿ ನೀರು ಬಳಸಿದ್ರೆ ಅದು ಬಿಸಿನೀರೇ, ಎರಡು ನಿಮಿಷದಲ್ಲಿ ಆಗೋ ಕೆಲಸ ಅರ್ಧ ನಿಮಿಷದಲ್ಲಿ ಮುಗಿದು ಚಿತ್ರಾನೂ ಮುಗೀತದೆ. ಬಾವಿಯಿಂದ ಸೇದಿ ತಂದು ಥರ್ಮಾಮೀಟರ್ ಇಟ್ಟು ನೋಡಿ, ಕೆಂಪು ಕೆಸರು ಕಂಡ್ರೆ ಬಟ್ಟೆಯಲ್ಲಿ ಸೋಸಿ. ಶಿರಸಿ, ಸಿದ್ದಾಪುರ ಕಡೆ ಡಿಸೆಂಬರ್ ಬೆಳಗ್ಗೆ ಉಲ್ಟಾ, ನೀರು ತೀರಾ ತಣ್ಣಗಿದ್ದು ತೊಳೆದಷ್ಟೂ ಹೋಗೋದಿಲ್ಲ, ಸ್ವಲ್ಪ ಬಿಸಿನೀರು ಬೆರೆಸ್ಬೇಕು.

ತೊಳೆದ ಮೇಲಿನ ಮೊದಲ ಒಂದೆರಡು ನಿಮಿಷ ಇಡೀ ಕೆಲಸದ ಜೀವ. ನ್ಯೂಸ್‌ಪ್ರಿಂಟ್ ಒತ್ತಿ ನೀರು ಹೀರಿಸಿ, ಉಜ್ಜಬಾರ್ದು, ಹಾಳೆ ಬದಲಾಯಿಸಿ ಮತ್ತೆ ಒತ್ತಿ, ಒಂದು ಹನಿ ಉಳಿದ್ರೂ ಆ ಹನಿ ಒಣಗೋ ತನಕ ಕೆಳಗೆ ಕೊರೀತಾ ಇರ್ತದೆ, ಪ್ರಿಂಟಲ್ಲಿ ಕಣ್ಣೀರ ಕಲೆ ಥರ ಕಪ್ಪಗೆ ಬರ್ತದೆ. ಆಮೇಲೆ ಕೂಡ್ಲೆ ಡ್ರೈಯರ್. ಪೂರ್ತಿ ಒಣಗಿದ ಮೇಲೇ ಕೊನೆಯ ಗಟ್ಟಿ ಮಾಡೋ ಎಕ್ಸ್‌ಪೋಶರ್, ಫಿಲ್ಮ್ ಇಲ್ಲದೆ, ಒಳ್ಳೇ ಬಿಸಿಲಲ್ಲಿ ಹತ್ತು ಹದಿನೈದು ನಿಮಿಷ, ಮೋಡ ಇದ್ರೆ ಇನ್ನೂ ಜಾಸ್ತಿ. ಒಳಗೆ ತೇವ ಇರುವಾಗಲೇ ಗಟ್ಟಿ ಮಾಡೋಕೆ ಹೋದ್ರೆ ಮೇಲ್ಮೈ ಸರಿಯಾಗಿ ಗಟ್ಟಿ ಆಗೋದಿಲ್ಲ, ಕೆಲವು ಪ್ರಿಂಟ್ ಆದ ಮೇಲೆ ಒದ್ದೆ ಪೇಪರ್ ಪ್ಲೇಟಿಗೆ ಹಿಡ್ಕೊಂಡು ನಾರು ಕಿತ್ತು ಬರ್ತದೆ. ಪೇಪರ್ ಅಂಟ್ತಿದೆ ಅಂದ್ರೆ ಪ್ರೆಸ್ಸಿನ ಒತ್ತಡ ಇಳಿಸೋದಲ್ಲ, ಪ್ಲೇಟನ್ನ ಒಣಗಿಸಿ ಮತ್ತೆ ಬೆಳಕಿಗೆ ಹಿಡಿಯೋದು.

ಬಿರುಕು ಬರೋದು ಇದರ ವಿರುದ್ಧ ದಿಕ್ಕಿನ ಸಮಸ್ಯೆ. ಜನವರಿ ಫೆಬ್ರವರಿಯ ಒಣ ಗಾಳಿಯಲ್ಲಿ ಘಟ್ಟದ ಮೇಲೆ, ಇಲ್ಲಾ ಡ್ರೈಯರ್ ಹತ್ತಿರ ಹಿಡಿದು ಸುಟ್ಟಾಗ, ಪಾಲಿಮರ್ ಗಾಜಿನ ಥರ ಆಗಿ ಅಂಚಲ್ಲಿ ಒಡೀತದೆ. ಬಿಸಿ ಕಮ್ಮಿ ಮಾಡಿ, ಕತ್ತರಿಸೋ ಕೆಲಸ ಎಕ್ಸ್‌ಪೋಶರ್‌ಗೆ ಮೊದ್ಲೇ ಮುಗಿಸಿ.

ನಿನ್ನೆ ಸರಿ ಬಂತು, ಇವತ್ತು ಅದೇ ಟೈಮಿಗೆ ಬರ್ಲಿಲ್ಲ

ಬಿಸಿಲು ನಂಬಿದವರ ಪಾಡಿದು. ಮಾರ್ಚ್ ಏಪ್ರಿಲ್ ನಡು ಮಧ್ಯಾಹ್ನ ಒಂದೂವರೆ ಎರಡು ನಿಮಿಷದಿಂದ ಟೆಸ್ಟ್ ಶುರು ಮಾಡ್ಬಹುದು, ಆದ್ರೆ ಅದೇ ಬಿಸಿಲು ನಾಲ್ಕು ಗಂಟೆಗೆ ಕಣ್ಣಿಗೆ ಪ್ರಖರ ಕಂಡ್ರೂ ಅಲ್ಟ್ರಾವಯಲೆಟ್ ಬಹಳ ಇಳಿದಿರ್ತದೆ. ಹನ್ನೊಂದರಿಂದ ಎರಡರ ಒಳಗೆ ಮಾತ್ರ ಕೆಲಸ ಅಂತ ಇಟ್ಕೊಂಡ್ರೆ ಅರ್ಧ ಗೊಂದಲ ಕಮ್ಮಿ. ತೆಳು ಮೋಡದ ದಿನ ಬೆಳಕು ಎಲ್ಲಾ ಕಡೆಯಿಂದ ಚದುರಿ ಬರೋದ್ರಿಂದ ಫಿಲ್ಮ್ ಅಡಿಗೆ ನುಗ್ಗಿ ಸಣ್ಣ ಚುಕ್ಕಿಗಳನ್ನ ಕಮ್ಮಿ ಮಾಡ್ತದೆ, ಟೈಮ್ ಎಷ್ಟು ಸರಿ ಮಾಡಿದ್ರೂ ಆ ಮೊನಚು ಬರೋದಿಲ್ಲ. ಮಳೆಗಾಲಕ್ಕೆ ಟ್ಯೂಬ್ ಪೆಟ್ಟಿಗೆ ಮಾಡ್ಕೊಳ್ಳೋದೇ ದಾರಿ, ಆದ್ರೆ ಉರೀತಿರುವಾಗ ಬರಿಗಣ್ಣಲ್ಲಿ ನೋಡ್ಬೇಡಿ, ಮುಚ್ಚಳ ಇರ್ಲಿ.

ಈಗ ಟೈಮಿಂಗ್. ಚೂರು ಪ್ಲೇಟ್ ತಗೊಂಡು ಮೊದ್ಲು ಸ್ಕ್ರೀನ್ ಮಾತ್ರ ಇಟ್ಟು, ಕಪ್ಪು ರಟ್ಟು ಸರಿಸ್ತಾ 30, 60, 90, 120 ಸೆಕೆಂಡಿನ ಪಟ್ಟಿ ಮಾಡಿ, ತೊಳೆದು, ಗಟ್ಟಿ ಮಾಡಿ, ಇಂಕ್ ಹಾಕಿ ಪ್ರಿಂಟ್ ತೆಗೀರಿ. ಯಾವ ಪಟ್ಟಿ ಅತಿ ಗಾಢ ಕಪ್ಪೋ ಅದೇ ನಿಮ್ಮ ಸ್ಕ್ರೀನ್ ಟೈಮ್. ಅದನ್ನ ಹಾಗೇ ಇಟ್ಟು ಇನ್ನೊಂದು ಚೂರಲ್ಲಿ ಬಿಳಿಯಿಂದ ಕಪ್ಪಿನ ತನಕ ಮೆಟ್ಟಿಲು ಇರೋ ಫಿಲ್ಮಿಟ್ಟು ಚಿತ್ರದ ಟೈಮ್ ಹುಡುಕಿ: ಕಮ್ಮಿ ಆದ್ರೆ ಬಿಳಿ ಮೆಟ್ಟಿಲಲ್ಲೂ ಬೂದು, ಜಾಸ್ತಿ ಆದ್ರೆ ತಿಳಿ ಬೂದಿನ ಮೆಟ್ಟಿಲೆಲ್ಲ ಬಿಳಿಯಲ್ಲಿ ಕಳೆದು ಹೋಗ್ತವೆ. ದಿನಾಂಕ, ಗಂಟೆ, ಮೋಡ, ತೇವಾಂಶ ಪಟ್ಟಿ ಹಿಂದೆಯೇ ಬರೆದಿಡಿ, ನಮ್ಮಲ್ಲಿ ಮೇ ತಿಂಗಳ ಟೈಮಿಂಗ್ ಜುಲೈಗೆ ಖಂಡಿತ ಹೊಂದೋದಿಲ್ಲ.

ಪ್ರಿಂಟ್ ಮುಗಿದ ಮೇಲೆ ಪ್ಲೇಟ್ ಕ್ಲೀನ್ ಮಾಡೋಕೆ ಸೀಮೆಎಣ್ಣೆ, ಟರ್ಪೆಂಟೈನ್ ಬೇಕಿಲ್ಲ, ಅಡುಗೆ ಎಣ್ಣೆ ಸಾಕು, ಆದ್ರೆ ಶಿರಸಿ ಚಳಿಯಲ್ಲಿ ತೆಂಗಿನೆಣ್ಣೆ ಬೇಡ, ಗುಂಡಿಗಳಲ್ಲೇ ಹೆಪ್ಪುಗಟ್ಟಿ ಮುಂದಿನ ಪ್ರಿಂಟ್ ಪೇಲವ ಆಗ್ತದೆ, ಸೂರ್ಯಕಾಂತಿ ಎಣ್ಣೆ ತಗೊಳಿ, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ನೀರು ಮುಟ್ಟಿಸ್ಬೇಡಿ. ಹಿಂದಿನ ಸ್ಟೀಲ್ ಉಪ್ಪುಗಾಳಿಗೆ ಬೇಗ ತುಕ್ಕು ಹಿಡೀತದೆ, ಹಿಂಬದಿಗೂ ಅಂಚಿಗೂ ತೆಳುವಾಗಿ ಎಣ್ಣೆ ಸವರಿಡಿ, ಇಲ್ದಿದ್ರೆ ಮುಂದಿನ ಸಲ ಪೇಪರ್ ಅಂಚಲ್ಲಿ ಕಂದು ಕಲೆ ಬಂದಾಗ ಇಂಕ್ ಮೇಲೆ ಅನುಮಾನ ಪಡ್ತೀರಿ.

ಆಸಿಡ್ ಇಲ್ಲ ಅಂದ ಮಾತ್ರಕ್ಕೆ ಬರಿಗೈಯಲ್ಲಿ ತೊಳೀಬೇಡಿ. ಗಟ್ಟಿಯಾಗದ ಪಾಲಿಮರ್ ಕೆಲವರಿಗೆ ಚರ್ಮದ ಅಲರ್ಜಿ ತರಿಸ್ತದೆ, ಒಮ್ಮೆ ಶುರುವಾದ್ರೆ ಆಮೇಲೆ ಸ್ವಲ್ಪ ತಾಗಿದ್ರೂ ತುರಿಕೆ, ನೈಟ್ರೈಲ್ ಕೈಗವಸು ಹಾಕ್ಕೊಳಿ. ತೊಳೆದ ನೀರನ್ನ ತೋಟಕ್ಕೂ ಬಾವಿ ಕಟ್ಟೆ ಹತ್ರಾನೂ ಚೆಲ್ಲಬಾರ್ದು. ಅಗಲ ಬಾಯಿಯ ಬಕೆಟ್ಟಲ್ಲಿ ಹಾಕಿ ಕೆಲವು ದಿನ ಬಿಸಿಲಲ್ಲಿಡಿ, ಕರಗಿದ ಪಾಲಿಮರ್ ಗಟ್ಟಿಯಾಗಿ ಕೆಳಗೆ ಕೂರ್ತದೆ, ಬಟ್ಟೆಯಲ್ಲಿ ಸೋಸಿ ಆ ಗಷ್ಟನ್ನ ಒಣಗಿಸಿ ಒಣಕಸಕ್ಕೆ ಕಟ್ಟಿ ಕೊಡಿ. ಮಳೆಗಾಲದಲ್ಲಿ ಬಕೆಟ್ ಮೇಲೆ ಗಾಜಿನ ಹಾಳೆ ಮುಚ್ಚಿಡಿ, ಮಳೆ ನೀರು ಬಿದ್ದು ತುಂಬಿ ಹರೀಬಾರ್ದು.